ಮರಳಿಸಿ ನೋಡು

ಗ್ಯುಮ್ರಿಯಲ್ಲಿ ಡಿಸೆಂಬರ್. ತ್ಸೋಲಾಕನ ಸ್ಟುಡಿಯೋದ
ಕಬ್ಬಿಣದ ಒಲೆಗೆ ಬೆನ್ನು ಕೊಟ್ಟು ಕೂತಿದ್ದೇನೆ.
ಎದುರಿಗೆ ಮೂರು ಕಂಪ್ಯೂಟರು, ಮೂರು ಕುಲ,
ಒಂದರ ಮಾತು ಇನ್ನೊಂದಕ್ಕೆ ಹಿಡಿಸುವುದಿಲ್ಲ.
ಮೂರಕ್ಕೂ ಒಂದೇ ತಂತ್ರಾಂಶ ಹಾಕಬೇಕು,
ಕತ್ತಲಾಗುವುದರೊಳಗೆ.

ಮುಂಗಟ್ಟೆಯ ವಿಂಡೋಸ್ ಮದುವೆಮನೆಯ ಬೀಗರಂತೆ:
ಹೆಜ್ಜೆ ಹೆಜ್ಜೆಗೂ ಕೇಳಿಸಿಕೊಳ್ಳಬೇಕು ಅದಕ್ಕೆ.
ಒಪ್ಪಿದೆಯಾ? ಒಪ್ಪಿದೆ. ಮುಂದೆ? ಮುಂದೆ.
ಇವನ್ಯಾರೋ ಗುರುತಿಲ್ಲದವನು, ಒಳಗೆ ಬಿಡಲೇ?
ಬಿಡು ಮಾರಾಯ.

ಉಗ್ರಾಣದ ಹಳೆಯ ಡಬ್ಬಿಯಲ್ಲಿ ಲಿನಕ್ಸ್,
ಶಾಲೆಯವರು ಎಸೆದದ್ದು. ಕರಿಯ ಪರದೆ.
ಒಂದು ಸಾಲು ಬರೆದೆ. ಇದಿಲ್ಲ ಎಂದಿತು.
ಅದನ್ನು ತಂದರೆ, ಅದಕ್ಕೆ ಬೇಕಾದದ್ದಿಲ್ಲ ಎಂದಿತು.
ಅದನ್ನೂ ತಂದೆ. ಆಮೇಲೆ ಸುಮ್ಮನಾಯಿತು.
ಅದರ ಮೌನವೇ ಹೂಂ.

‘ಇದಕ್ಕೆಷ್ಟು?’ ಎಂದ ತ್ಸೋಲಾಕ.
ಪುಕ್ಕಟೆ, ಎಂದೆ.
ಮುಖ ಗಂಟಿಕ್ಕಿದ. ನೆಲ ನಡುಗಿದ ವರ್ಷ
ಪುಕ್ಕಟೆ ಬಂದ ಬೂಟಿನ ಪೆಟ್ಟಿಗೆ ಅವನಿಗೆ ನೆನಪಿದೆ,
ನಲವತ್ತು ಬೂಟು, ನಲವತ್ತೂ ಎಡಗಾಲಿನವು.
ಹಾಗಲ್ಲ ತ್ಸೋಲಾಕ್, ಇದನ್ನು ಹೇಗೆ ಮಾಡಿದ್ದಾರೆಂದು
ಯಾರು ಬೇಕಾದರೂ ಓದಿ ನೋಡಬಹುದು.
‘ಓ, ಅಡಿಗೆಮನೆ ಬಾಗಿಲು ತೆಗೆದಿಟ್ಟ ಹೋಟೆಲು,’ ಎಂದು
ಒಣ ಹಿಪ್ಪುನೇರಳೆಯ ಬಟ್ಟಲು ನನ್ನತ್ತ ನೂಕಿದ.

ಮೂರನೆಯದು ಮೊಮ್ಮಗಳು ನಾಝೆಲಿಯ ಮ್ಯಾಕ್.
ತಕರಾರಿಲ್ಲದೆ ಒಳಗೆ ಕರೆಯಿತು, ಕೂರಿಸಿತು,
ಹಸಿರು ಗುರುತು ಹಾಕಿ, ಮುಗಿಯಿತು ಎಂದಿತು.
ಇನ್ನೇನು ಕೋಟು ತೊಟ್ಟುಕೊಳ್ಳಬೇಕು,
ಯಾಕೋ ಮರಳಿಸಿ ನೋಡಿದೆ:
ಚಿತ್ರಗಳ ಕಡತ ಖಾಲಿ. ಸೊನ್ನೆ.
ಆ ಕೋಣೆಗೆ ಬೇರೆಯೇ ಅಪ್ಪಣೆ ಬೇಕಿತ್ತಂತೆ;
ನಾನು ಕೇಳಲಿಲ್ಲ, ಅದು ಹೇಳಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಪೈಕಿ
ನಾನೂ ಒಬ್ಬಳಾಗುತ್ತಿದ್ದೆ, ಹಸಿರು ಗುರುತನ್ನು ನಂಬಿ.

ಒಂದು ಪ್ರತಿ ಬೇರೆ ಊರಿನಲ್ಲಿರಬೇಕು, ಎಂದು
ಪಾಠ ಹೇಳಲು ಹೊರಟೆ. ತ್ಸೋಲಾಕ ಕೈ ಎತ್ತಿದ.
ಅವತ್ತು ಈ ಬೀದಿಯ ಕರಿಕಲ್ಲೆಲ್ಲ
ಅವನ ನೆಗೆಟಿವ್‌ಗಳ ಮೇಲೆ ಬಿದ್ದಿತ್ತು.
ವಾರ ಕಳೆಯುವುದರೊಳಗೆ ಜನ ಬರತೊಡಗಿದರು:
ನಮ್ಮ ಹುಡುಗಿಯದು ಒಂದು ತೆಗೆದಿದ್ದೆಯಲ್ಲ,
ಬಿಳಿ ಕಾಲರಿನದು, ಸಪ್ಟೆಂಬರಿನಲ್ಲಿ.
ಅವನ ಹತ್ತಿರ ಗಾಜಿನ ಚೂರು ಮಾತ್ರ ಇತ್ತು.
ರಸ್ತೋವ್‌ಗೆ ಬರೆದ, ಒಡೆಸ್ಸಾಕ್ಕೆ ಬರೆದ,
ಎಂದೋ ಚಿತ್ರ ಕೊಂಡು ದೂರದ ನೆಂಟರಿಗೆ ಕಳಿಸಿದವರ
ವಿಳಾಸ ಹುಡುಕಿ ಹುಡುಕಿ ಬರೆದ.
ಮುನ್ನೂರು ಹನ್ನೆರಡು ಮರಳಿ ಬಂದವು,
ಕೆಲವು ಗೋಡೆಯ ಮೊಳೆಯ ತೂತಿನ ಸಮೇತ.
ಗೊತ್ತಿಲ್ಲದೆಯೇ ಅವನು ಬ್ಯಾಕಪ್ ಮಾಡಿಟ್ಟಿದ್ದ,
ಚಿತ್ರಕ್ಕೆ ಎರಡು ರೂಬಲ್ ಇಸಿದುಕೊಂಡು.

ನಾನು ಪಾಠ ನಿಲ್ಲಿಸಿದೆ.
ಪ್ರತಿ ರಾತ್ರಿಗೂ ಒಂದು ಪ್ರತಿ, ಎರಡು ಗಂಟೆಗೆ, ಎಂದಷ್ಟೇ ಬರೆದೆ.
ಈಗ ಗುಟ್ಟಿನ ಪದ ಹಾಕು ತ್ಸೋಲಾಕ್.
ಮರೆತರೆ ನನಗೂ ತೆಗೆಯಲಾಗದು,
ಇದನ್ನು ಮಾಡಿದವರಿಗೂ ಆಗದು.
‘ಮರೆಯುವಂಥದ್ದಲ್ಲ,’ ಎಂದು ನನ್ನನ್ನು ಒಲೆಯ ಕಡೆ ತಿರುಗಿಸಿ
ಒಂದೇ ಬೆರಳಲ್ಲಿ ಒತ್ತಿದ.
ಎಣಿಸಬಾರದಿತ್ತು. ಕಿವಿ ಎಣಿಸಿತು:
ಏಳು, ಒಂದು ಬಿಡುವು, ಆಮೇಲೆ ಒಂಬತ್ತು.
ಹೆಸರು, ಮನೆತನದ ಹೆಸರು, ಅಷ್ಟು ಉದ್ದ.

ಆಮೇಲೆ ಒಂದು ಚಿತ್ರ ಅಳಿಸಿದೆ, ಅವನೆದುರಿಗೇ.
ಅವನ ಕೈ ಮೇಜಿನ ಅಂಚನ್ನು ಹಿಡಿದಿತ್ತು.
ಮರಳಿಸು ಎಂದೆ ಯಂತ್ರಕ್ಕೆ.
ಮೇಲಿನಿಂದ ಕೆಳಕ್ಕೆ ಬಂದಳು ಹುಡುಗಿ,
ಮೊದಲು ಬೈತಲೆ, ಬಿಸಿಲಿಗೆ ಕಿರಿದಾದ ಕಣ್ಣು,
ಬಿಳಿ ಕಾಲರು, ಮೊಳೆಯ ತೂತು.

ತ್ಸೋಲಾಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.
‘ಇನ್ನೊಂದು ಸಲ,’ ಎಂದ.
‘ಅಳಿಸು. ಇನ್ನೊಂದು ಸಲ ತಾ.’