ಅರ್ಧ ಟನ್ನು

ಈ ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತು
ಇಪ್ಪತ್ತಾರು ಸುಗ್ಗಿ ತೂಗಿದ್ದೇನೆ,
ಗೋಧಿ, ಸೂರ್ಯಕಾಂತಿ, ಒಮ್ಮೆ ಒಂದು ಚರ್ಚಿನ ಗಂಟೆ.
ನಾರ್ತ್ ಡಕೋಟಾದ ಈ ಬಯಲಲ್ಲಿ ಗಾಳಿಯೊಂದನ್ನು ಬಿಟ್ಟು
ಎಲ್ಲದಕ್ಕೂ ಚೀಟಿ ಹರಿದವಳು ನಾನು, ಆರ್ಡಿಸ್.

ಸೆಪ್ಟೆಂಬರಿನಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿಗೆ
ಕೋಲ್ಟನ್ ಟಾಲೆಫ್‌ಸನ್ ಬಂದ.
ಬೆನ್ನಿಗೆ ಜೇನುಪೆಟ್ಟಿಗೆ, ಹಿಂದೆ ಟ್ರೇಲರು, ಅದರ ಮೇಲೂ ಜೇನುಪೆಟ್ಟಿಗೆ,
ಬಲೆ ಹೊದ್ದು ಗುಂಯ್‌ಗುಡುವ ಕತ್ತಲು.
ಪಿಕಪ್ಪಿನ ಹಿಂಭಾಗ ನೆಲಕ್ಕೆ ಕುಕ್ಕರಿಸಿತ್ತು,
ಹೆಡ್‌ಲೈಟು ನಕ್ಷತ್ರ ಎಣಿಸುತ್ತಿತ್ತು.

'ನೂರೈವತ್ತು ಅಂತ ಬರೆದಿದೆಯಲ್ಲ' ಅಂದ,
ಬಾಗಿಲ ಮೇಲಿನ ಹೊಳೆವ ಅಂಕಿ ತಟ್ಟುತ್ತ.

ನೂರೈವತ್ತು ಅಂದರೆ ಅರ್ಧ ಟನ್ನು, ಇನ್ನೂರೈವತ್ತು ಮುಕ್ಕಾಲು,
ಮುನ್ನೂರೈವತ್ತು ಒಂದು.
ಎದುರು ಕಂಪನಿಯವರು ಹಟಕ್ಕೆ ಬಿದ್ದವರಂತೆ
ಕೊನೆಗೊಂದು ಸೊನ್ನೆ ಸೇರಿಸುತ್ತಾರೆ.
ಸೊನ್ನೆಗೇನು ಭಾರ?
ನನ್ನಪ್ಪನ ಕಾಲಕ್ಕೆ ಅದು ಲೆಕ್ಕವೇ ಆಗಿತ್ತು:
ಅರ್ಧ ಟನ್ನು ಅಂದರೆ ಸಾವಿರ ಪೌಂಡು,
ಮೇಲೊಂದು ಮೂಟೆ ಎಸೆದರೆ ಪಟ್ಟಿ ನರಳುತ್ತಿತ್ತು.
ಆಮೇಲೆ ಉಕ್ಕು ಗಟ್ಟಿಯಾಯಿತು, ಎಂಜಿನ್ನು ಕೊಬ್ಬಿತು,
ಹೆಸರು ಮಾತ್ರ ಬಿಟ್ಟಲ್ಲೇ ಉಳಿಯಿತು,
ಟಾಲೆಫ್‌ಸನ್ ಅಂದರೆ ಟಾಲೆಫನ ಮಗ ಎಂಬಂತೆ.
ಯಾವ ಟಾಲೆಫ್? ಕೇಳಿದೆ.
ಅವನಿಗೆ ಗೊತ್ತಿಲ್ಲ. ಅವನಪ್ಪನಿಗೂ ಗೊತ್ತಿರಲಿಲ್ಲ.

'ಬಾಗಿಲು ತೆಗಿ' ಅಂದೆ. ಚಾಲಕನ ಬದಿಯ ಕಂಬಕ್ಕೆ
ಅಂಟಿಸಿದ್ದರು ಬೆರಳಗಲದ ಸತ್ಯ:
ಜನ, ಸರಕು ಎಲ್ಲ ಸೇರಿ ಸಾವಿರದ ಆರುನೂರ ನಲವತ್ತು.
'ಜನ ಅಂದರೆ ನಾನೂನಾ?'
ನೀನೂ. ಮುಂದಿನ ಸೀಟಲ್ಲಿ ಜೊಲ್ಲು ಸುರಿಸುವ ನಿನ್ನ ನಾಯಿಯೂ.
ತಕ್ಕಡಿಯಲ್ಲಿ ಯಜಮಾನನಿಗೆ ರಿಯಾಯಿತಿ ಇಲ್ಲ.

ರಸೀದಿಯ ಬೆನ್ನ ಮೇಲೆ ಬರೆದೆ:
ನೀನು ನೂರ ತೊಂಬತ್ತು, ನಾಯಿ ಅರವತ್ತು,
ಹೊಗೆಡಬ್ಬಿ, ಜಾಕು, ಸಲಕರಣೆ ನೂರ ಹತ್ತು,
ಎಂಬತ್ತೈದರ ಹನ್ನೆರಡು ಪೆಟ್ಟಿಗೆ.
'ಇನ್ನೂ ಜಾಗ ಇದೆ!' ಅಂದ.
ಇರು. ಟ್ರೇಲರು?
'ಅದನ್ನು ಹೊರೋದಿಲ್ಲ, ಎಳೆಯೋದು.
ಹನ್ನೊಂದು ಸಾವಿರ ಎಳೀತದೆ ಅಂತ ಜಾಹೀರಾತಲ್ಲಿದೆ.'

ಎಳೆಯೋದು ಬೇರೆ, ಹೊರೋದು ಬೇರೆ, ನಿಜ.
ಆದರೆ ಟ್ರೇಲರು ಬರೀ ಹಿಂದೆ ಬರುವುದಿಲ್ಲ ಮಗನೇ,
ಕೊಕ್ಕೆಯ ಮೇಲೆ ಕೈಯೂರಿಕೊಂಡೇ ಬರುತ್ತದೆ.
ನಾಲ್ಕು ಸಾವಿರದ ಮೈ, ನಾನೂರ ಎಂಬತ್ತರ ಕೈ.
ಆ ಕೈಯೂ ಈ ಚೀಟಿಯದೇ ಲೆಕ್ಕ.
ಮಿಸೌರಿಯ ಇಳಿಜಾರಲ್ಲಿ ನೀನು ಏರಿಗೆಳೆದರೆ
ಅದು ನೀರಿಗೆಳೆಯುತ್ತದೆ.

ಕೂಡಿ ನೋಡಿದ. ಇನ್ನೂರ ಇಪ್ಪತ್ತು ಹೆಚ್ಚು.
ಮತ್ತೆ ಕೂಡಿದ, ಈ ಸಲ ಬೆರಳೆಣಿಸಿ.
ನಾಯಿಯ ಕಡೆ ನೋಡಿದ.
ನಾಯಿ ಕಿಟಕಿಯಾಚೆ ನೋಡಿತು.

ಮೂರು ಪೆಟ್ಟಿಗೆ ಇಳಿಸಿ ನನ್ನ ಗುಡಿಸಿಲಿನ ಹಿಂದಿಟ್ಟ.
'ಗುರುವಾರ ಬರ್ತೀನಿ.'
ಹೆಡ್‌ಲೈಟು ರಸ್ತೆಗೆ ಬಗ್ಗಿತು, ಹೋಯಿತು.

ಹೊತ್ತು ಮೂಡಿದಾಗ ಮೊದಲ ಹುಳು ಹೊರಬಂತು,
ಗೂಡಿಗೆ ಬೆನ್ನು ಹಾಕದೆ, ಮುಖವಿಟ್ಟುಕೊಂಡೇ ಹಾರಿ
ಅಗಲಗಲ ಸುತ್ತು ಹಾಕಿ ಈ ಜಾಗವನ್ನು ಕಲಿಯಿತು.
ಮಧ್ಯಾಹ್ನಕ್ಕೆ ವೇಬ್ರಿಡ್ಜಿನ ಬಿಸಿ ಉಕ್ಕಿನ ಮೇಲೆಲ್ಲ ಅವೇ,
ನೂರೋ, ಸಾವಿರವೋ.
ನನ್ನ ಯಂತ್ರ ಇಪ್ಪತ್ತು ಪೌಂಡಿಗೊಮ್ಮೆ ಮಾತ್ರ ಕಣ್ಣು ಬಿಡುತ್ತದೆ;
ಪರದೆಯಲ್ಲಿ ಸೊನ್ನೆ.

ಈಗ ಪೆಟ್ಟಿಗೆಗಳಿಗೆ ಟಾರು ಕಾಗದ ಸುತ್ತಿದ್ದೇನೆ.
ಅಂಗಳದ ತುಂಬ ಹಿಮ.
ಯಾವ ಗುರುವಾರ ಅಂತ ಕೇಳಬೇಕಿತ್ತು.