ವೇಬಿಲ್ಲಿನ ಬೆನ್ನಿಗೆ

ಕುಂದರು ತಮ್ಮಾ. ರೊಕ್ಕಾ ಕಿಸೆದಾಗ ಇರಲಿ,
ಮೊದಲ ಕಣ್ಣು ಹೊರಗ ತಗಿ.

ಮೂವತ್ತೊಂದು ವರ್ಷ ರೋಣ–ಗದಗ ಬಸ್ಸಿನ್ಯಾಗ
ಟಿಕೀಟು ಹರದಾಂವ ನಾನು.
ಯಾರು ಯಾವ ಸ್ಟಾಪಿಗೆ ಇಳೀತಾರ,
ಅವರು ಹತ್ತೂ ಮುಂದ ಕಾಲು ನೋಡಿ ಹೇಳತಿದ್ದೆ.
ಈಗ ನಾಯಿ ಕಾಲು ನೋಡತೇನಿ. ಅಷ್ಟ ಫರಕು.

ಬರಕೊಳ್ಳಾಕ ಹಳೇ ವೇಬಿಲ್ಲು.
ಮುಂದಿನ ಮಗ್ಗಲ ಸರ್ಕಾರದ ಲೆಕ್ಕ, ಬೆನ್ನಿಗೆ ನಂದು:
ನಾಯಿ ಹೆಸರು, ತೂಕ,
ನಾನೂರು ಮೀಟರಿಗೆ ಎಷ್ಟು ಸೆಕೆಂಡು,
ನೆಲ ಹಸಿ ಇತ್ತೋ ಒಣಾ ಇತ್ತೋ,
ಹಿಂದಿನ ರಾತ್ರಿ ಏನ ತಿಂದಿತ್ತು.
(ಇದನ್ನ ಮಾಲಕ ಸುಳ್ಳ ಹೇಳತಾನ.
ಮಾಲಕನ ಸಣ್ಣ ಮಗನ್ನ ಕೇಳಬೇಕು.)

ಪಕ್ಕದ ಎಲುವು ಮೂರು ಕಾಣಬೇಕು.
ನಾಲ್ಕು ಕಂಡ್ರ ಹಸಿವಿ;
ಎರಡ ಕಂಡ್ರ, ಆ ಮನ್ಯಾಗ ಯಾವದೋ ಮುದುಕಿ
ಕದ್ದು ರೊಟ್ಟಿ ಹಾಕಾಕ ಹತ್ಯಾಳ.
ಉಗುರು ನೋಡು. ಕಡ್ಲಿ ಕಿತ್ತ ಎರಿಹೊಲ ಇದು,
ಕೂಳಿ ನಟ್ಟಿದ್ದು ನಿಂತಾಗ ತಿಳೀದುಲ್ಲ,
ನಡುಹಾದ್ಯಾಗ ತಿಳೀತೈತಿ.
ಮೊಲ ಅಂತ ಹಗ್ಗಕ್ಕ ಕಟ್ಟಿದ ಕುರಿತೊಗಲು,
ಅದನ್ನೆಳೆಯೋ ಮೋಟರಸೈಕಲ್ಲಿನ ಗಾಲಿ;
ನಾಯಿ ತೊಗಲು ನೋಡತೈತೋ ಬಾಜೂ ನಾಯೀನ ನೋಡತೈತೋ?
ಬಾಜೂ ನೋಡೂದಕ್ಕ ಎಂಟಾಣೆನೂ ಹಚ್ಚಬ್ಯಾಡ.

ಆಮ್ಯಾಲ ಗುಡ್ಡದ ಮ್ಯಾಲಿನ ಗಾಳಿಯಂತ್ರ.
ಅವು ಯಾ ಕಡೆ ಮಾರಿ ಮಾಡ್ಯಾವ, ಗಾಳಿ ಆ ಕಡೆಯಿಂದ.
ಓಟ ಬಿಡೂ ಗೂಟದ ಕಡೆ ಮಾರಿ ಮಾಡಿದ್ರ
ನಾಯಿ ಬೆನ್ನಿಗೆ ಗಾಳಿ. ಕಾಲ ಸೆಕೆಂಡು ಪುಕ್ಕಟೆ.
ಜೀಪು ಬಂತೋ, ರೊಕ್ಕಾ ಇಲ್ಲ, ಚೀಟಿ ಇಲ್ಲ,
ನಾವೆಲ್ಲಾ ಕಡ್ಲಿಕಾಳು ಆರಸಾಕ ಬಂದಾವರು.

ಇಷ್ಟೂ ಗೊತ್ತಿದ್ದು ನಾ ಒಮ್ಮೆ ಸೋತೆ.

ನರೇಗಲ್ಲಿನ ಪಂಕ್ಚರ್ ಅಂಗಡಿ ಮೋದಿನಸಾಬನ ನಾಯಿ,
ಹೆಸರು ಟ್ಯೂಬಿ. ಬೂದಿ ಬಣ್ಣ,
ನಿಂತರ ಯಾರೋ ಬಿಟ್ಟುಹೋದ ಛತ್ರಿಯಂಗ,
ಓಡಿದರ, ಛತ್ರಿ ಹಾರಿಹೋದಂಗ.
ಹಿಂದಿನ ವಾರ ಗಜೇಂದ್ರಗಡದ ಸೀರಿ ವ್ಯಾಪಾರಿ
ಪರಸಪ್ಪ ಮ್ಯಾಗೇರಿಗೆ ಮಾರಿದ್ದ.
ಯಾಕ ಅಂತ ನಾ ಕೇಳಲಿಲ್ಲ.
ಓಟಕ್ಕ ಬರೂದಿಲ್ಲ ಅಂದಿದ್ದ ಮೋದಿನಸಾಬ.

ಎಲುವು ಮೂರು. ಉಗುರು ಸಾಫ್. ಬೆನ್ನಿಗೆ ಗಾಳಿ.
ಒಂದಕ್ಕ ಎರಡೂವರಿ ಅಂದ ಬುಕ್ಕಿ,
ನಾ ಎರಡು ಸಾವಿರದ ಮುನ್ನೂರು ಕೊಟ್ಟೆ,
ಎಣಿಸೋವಾಗ ಕೈ ನಡಗಲಿಲ್ಲ.

ಬಿಟ್ಟರು. ಇನ್ನೂರರ ಸುಣ್ಣದ ಗೆರಿಗೆ
ನಾಕು ಮಾರು ಮುಂದ ಇದ್ಲು.
ಆವಾಗ ಗೂಟದ ಹಿಂದ, ಟ್ರ್ಯಾಕ್ಟರಿನ ಮರಿಗೆ,
ಬರೂದಿಲ್ಲ ಅಂದಾಂವ ಬಂದು ನಿಂತ.
ಕರೀಲಿಲ್ಲ. ಸಿಳ್ಳಿ ಹಾಕಲಿಲ್ಲ. ಟಾವೆಲ್ಲಿನ್ಯಾಗ ಮಾರಿ ಮುಚ್ಚಿದ್ದ.
ನಾ ರೊಕ್ಕಾ ಹಚ್ಚಿದ ಗಾಳೀನ
ಅವನ ರಬ್ಬರು, ಸೊಲ್ಯೂಷನ್, ಬೆವರು
ಹೊತಗೊಂಡು ಹೋತು.

ಟ್ಯೂಬಿ ಹೊಳ್ಳಿದ್ಲು.
ಮಂದಿ ಹೋ ಅಂದ್ರು, ಕೆಲವರು ನಕ್ಕರು.
ನನ್ನ ಹೆಬ್ಬಟ್ಟು ಯಾಕೋ ವಾಚಿನ ಗುಂಡಿ ಒತ್ತಿತು.
ಗೆರಿಯಿಂದ ಟ್ರ್ಯಾಕ್ಟರಿನ ತನ, ಎದುರುಗಾಳಿಗೆ,
ಹನ್ನೆರಡು ಸೆಕೆಂಡು ಒಂಬತ್ತು.
ಆ ದಿನ ಯಾ ನಾಯೀನೂ
ಅರ್ಧಾ ಹಾದಿ ಅಷ್ಟು ಲಗೂ ಓಡಿರಲಿಲ್ಲ.

ಬರೀಬೇಕಂದ್ರ ನನ್ನ ಮಗ್ಗಲ ಅದಕ್ಕ ಖಾನೆ ಇಲ್ಲ.
ಹಾಳಿ ತಿರುವಿದೆ. ಸರ್ಕಾರದ ಕಡೆ ಅಚ್ಚಾಗಿತ್ತು:
‘ವಾಪಸ್ ಟ್ರಿಪ್’.
ಅಲ್ಲೇ ಬರದೆ. ಪ್ರಯಾಣಿಕರು: ಒಂದು. ವಸೂಲಿ: ಇಲ್ಲ.

ಸಂಜೀಮುಂದ ಪರಸಪ್ಪ ಅಕೀನ್ನ ಎತ್ತಿ ಓಮ್ನಿಯೊಳಗ ಹಾಕಿದ.
ಮೋದಿನಸಾಬ ಬಾಗಲಾ ಬರೋಬ್ಬರಿ ಹಾಕಿಕೊಟ್ಟ,
ಆ ಬಾಗಲಾ ಎಳದ ಹಾಕಬೇಕು, ಇಲ್ಲಾಂದ್ರ ಹತ್ತೂದುಲ್ಲ.

ಹೂಂ. ಮೂರನೇ ಓಟಕ್ಕ ಯಾವದು ಅಂದಿ? ಆ ಕೆಂದದ್ದು?
ಛಲೋ ಐತಿ. ಎಲುವು ಎಣಿಸಿದಿ, ಉಗುರು ನೋಡಿದಿ.
ಹಗ್ಗ ಹಿಡದ ಕೈ ನೋಡಿದೇನು?
ಹೋಗಿ ನೋಡಿ ಬಾ.
ಬರೂ ಮುಂದ ಎರಡು ಚಾ ಹೇಳು.