ಅಗಸೆಯ ಲೆಕ್ಕ

ನಾರಿನ ಗಿರಣಿಯಲ್ಲಿ ತೂಕ ಬರೆಯುವ ಗ್ಲಫೀರಾ
ಚರಿತ್ರೆ ಹೇಳುವುದು ಹೀಗೆ:
"ನಮ್ಮಜ್ಜಿ ಹೊಸ್ತಿಲು ಬಿಟ್ಟು ಕದಲಲಿಲ್ಲ,
ದೇಶಗಳೇ ಮೂರು ಸಲ ಬಂದುಹೋದವು."

ಹೊಳೆ ಮೊಣಕಾಲುದ್ದ; ನಡುನೀರಲ್ಲಿ ಗಡಿ.
ಸೋದರತ್ತೆಯ ಗೋರಿ ಆ ದಡಕ್ಕೆ,
ಕಳೆ ಕೀಳಲು ವೀಸಾ ಬೇಕು.
ಈ ದಡದಲ್ಲೇ ನಿಂತು ಬೈಯುತ್ತಾಳೆ ಕಳೆಗೆ.

ಟ್ಯಾಂಕು ತಡೆಯಲು ತೋಡಿದ ಕಂದಕದಲ್ಲಿ
ಈಗ ಅಗಸೆಯ ಕಟ್ಟು ನೆನೆಹಾಕುತ್ತಾರೆ.
ತೊಗಟೆ ಕೊಳೆಯಬೇಕು, ನಾರು ಉಳಿಯಬೇಕು;
ಒಂದು ದಿನ ಹೆಚ್ಚಾದರೆ ಎರಡೂ ಇಲ್ಲ.

ಹನ್ನೆರಡು ಯಂತ್ರಗಳಲ್ಲಿ ಓಡುವುದು ಎರಡು.
ಹೋದ ಚಳಿಗಾಲ ಸಂಬಳಕ್ಕೆ ಹಗ್ಗ ಕೊಟ್ಟರು.
"ಏನು ಕಟ್ಟಲಿ? ಹಸುವನ್ನು ಆಗಲೇ ಮಾರಿದ್ದೆ."

ಜುಲೈ. ಹೊಲ ನೀಲಿ.
ಆಚೆಗೂ ಯಾರೋ ಬಿತ್ತಿದ್ದಾರೆ.
ದುರ್ಬೀನು ಹಿಡಿದ ಕಾವಲು ಹುಡುಗ
ನಮ್ಮ ನೀಲಿ ಎಲ್ಲಿಗೆ ಮುಗಿಯಿತೆಂದು ತಡಕಾಡುತ್ತಾನೆ.

"ಬೇಗ ಬರಕೊಳ್ಳೋ,
ಮಧ್ಯಾಹ್ನಕ್ಕೆ ಉದುರುತ್ತದೆ."